ಹಳೇ ವರ್ಷನ್ ಹೊರಗೆ ತೆಗೆದು ತೋರಿಸಿ ಅಂತ ಡೆಮೊದಲ್ಲೇ ಕೇಳಿ

ನಮ್ಮದು ಪೀಣ್ಯದಲ್ಲಿ ಹೈಡ್ರಾಲಿಕ್ ಪ್ರೆಸ್ ಮಾಡುವ ಸಣ್ಣ ಕಾರ್ಖಾನೆ. ಮ್ಯಾನ್ಯುಯಲ್, ಅಸೆಂಬ್ಲಿ ಶೀಟು, ಡ್ರಾಯಿಂಗು ನೋಡಿಕೊಳ್ಳುವುದು ನನ್ನ ಕೆಲಸ. ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಅಂತ ಫೈಲುಗಳ ಸಂತೆ ಆಗಿತ್ತು. ಅದಕ್ಕೇ ಎರಡು ವರ್ಷದ ಹಿಂದೆ ಒಂದು ಡಾಕ್ಯುಮೆಂಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ತೆಗೆದುಕೊಂಡೆವು. ಹೆಸರು ಬೇಡ. ಡೆಮೊ ನೋಡಿ ಮರುಳಾಗಿದ್ದು ನಾನೇ.

ಮೊದಲ ಪೆಟ್ಟು ಬಿದ್ದಿದ್ದು ಮೂರನೇ ತಿಂಗಳು. ಡಿಸೈನ್‌ನವರು ಒಂದು ಕಡೆ ಎಂ10 (10 ಮಿ.ಮೀ.) ಬೋಲ್ಟನ್ನು 8.8 ಗ್ರೇಡಿನಿಂದ ಇನ್ನೂ ಗಟ್ಟಿಯಾದ 12.9ಕ್ಕೆ ಬದಲಿಸುವ ಯೋಚನೆಯಲ್ಲಿದ್ದರು. ಶೀಟಿನಲ್ಲಿ 49 ಇದ್ದ ಟಾರ್ಕನ್ನು, ಅಂದರೆ ಬೋಲ್ಟು ಎಷ್ಟು ಬಿಗಿಯಬೇಕು ಅನ್ನೋ ಲೆಕ್ಕವನ್ನು, 83 ನ್ಯೂಟನ್ ಮೀಟರ್ ಅಂತ ತಿದ್ದಿ, ಉಳಿದದ್ದು ನಾಳೆ ಅಂತ ಎದ್ದು ಹೋದರು. ಸಾಫ್ಟ್‌ವೇರು ಅದನ್ನು ತಾನೇ ಸೇವ್ ಮಾಡಿ, ಶಾಪ್ ಫ್ಲೋರಿನ ಟ್ಯಾಬ್‌ನಲ್ಲಿ ಹೊಸ ವರ್ಷನ್ ಅಂತ ತೋರಿಸಿತು. ಫಿಟ್ಟರ್ 8.8 ಬೋಲ್ಟಿಗೇ 83 ಕೊಟ್ಟ. ನಾಲ್ಕರಲ್ಲಿ ಎರಡು ಬೋಲ್ಟು ಕಟ್ ಆದವು. ಅವನದೇನು ತಪ್ಪು? ಡ್ರಾಫ್ಟ್ ಬೇರೆ, ಸಹಿ ಬಿದ್ದ ರಿವಿಷನ್ ಬೇರೆ ಅನ್ನೋದೇ ಆ ಸಾಫ್ಟ್‌ವೇರಿಗೆ ಗೊತ್ತಿಲ್ಲ. ನಮ್ಮ ಲೆಕ್ಕದಲ್ಲಿ ಆ ಶೀಟು ರಿವಿಷನ್ 3, ಅದರ ಲೆಕ್ಕದಲ್ಲಿ ವರ್ಷನ್ 47!

ಹಳೇ ನುಡಿ ಫಾಂಟಿನಲ್ಲಿ ಟೈಪಿಸಿದ್ದ ಕನ್ನಡ ಮ್ಯಾನ್ಯುಯಲ್‌ಗಳ ಎರಡು ವರ್ಷನ್‌ಗಳನ್ನು ಅದರಲ್ಲಿ ಹೋಲಿಸಿದರೆ ಪರದೆ ತುಂಬ ಅರ್ಥವಿಲ್ಲದ ಅಕ್ಷರ. ಇದಕ್ಕೆ ಮಾತ್ರ ಸಾಫ್ಟ್‌ವೇರ್ ಕಂಪನಿಯವರನ್ನು ಬೈಯುವ ಹಾಗಿಲ್ಲ. ಎಲ್ಲಾ ಕಡೆ ಓದಲು ಬರುವ ಯೂನಿಕೋಡ್ ಅಕ್ಷರಕ್ಕೆ ಬದಲಿಸದೆ ಸುಮ್ನೆ ಸುರಿದಿದ್ದು ನಾವೇ.

ಜಾಸ್ತಿ ನೋವಾಗಿದ್ದು ಆ ಸಾಫ್ಟ್‌ವೇರ್ ಬಿಡುವಾಗ. ಎಕ್ಸ್‌ಪೋರ್ಟ್ ಒತ್ತಿದರೆ ಬಂದಿದ್ದು 612 ಪಿಡಿಎಫ್, ಎಲ್ಲವೂ ಕೊನೆಯ ವರ್ಷನ್. ಯಾರು ತಿದ್ದಿದರು, ಯಾರು ಒಪ್ಪಿದರು, ಯಾವತ್ತು, ಏನೂ ಇಲ್ಲ. ಫೋನ್ ಮಾಡಿದರೆ ‘ಹಿಸ್ಟರಿ ನಮ್ಮ ಸಿಸ್ಟಮ್ ಒಳಗೇ ಇರುತ್ತೆ ಸರ್’ ಅಂದರು. ಗುಣಮಟ್ಟದ ಮಾನದಂಡ ಐಎಸ್‌ಒ 9001ರ 7.5.3ರಲ್ಲಿ ವರ್ಷನ್ ಕಂಟ್ರೋಲ್ ಅನ್ನೋ ಮಾತೇ ಇದೆ, ಆಡಿಟರ್ ಬಿಡ್ತಾರಾ? ಎಂಟು ದಿನ ಕೂತು ಒಂದೊಂದೇ ಸ್ಕ್ರೀನ್‌ಶಾಟ್ ತೆಗೆದೆವು.

ಪ್ರೋಗ್ರಾಮರುಗಳು ಕೋಡಿನ ವರ್ಷನ್ ಇಡಲು ಬಳಸುವ ಗಿಟ್ ಸಾಕಲ್ವಾ ಅಂತೀರಿ. ಬರೀ ಟೆಕ್ಸ್ಟ್ ಆದರೆ ಸಾಕು, ನಮ್ಮ ಮ್ಯಾನ್ಯುಯಲ್‌ಗಳನ್ನು ಈಗ ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಟೆಕ್ಸ್ಟ್) ಮಾಡಿ ಅಲ್ಲೇ ಇಟ್ಟಿದ್ದೇವೆ. ವರ್ಡ್‌ನ .docx ಫೈಲು ಮಾತ್ರ ಒಳಗೆ ಒಂದು ಜಿಪ್ ಗಂಟು. ಯಾವ ಸಾಲು ಬದಲಾಯಿತು ಅಂತ ಗಿಟ್ ಹಾಗೇ ತೋರಿಸುವುದಿಲ್ಲ. ಡ್ರಾಯಿಂಗಿಗಂತೂ ಬೇರೆ ದಾರಿಯೇ ಬೇಕು.

ಬರುವ ವಾರ ಇನ್ನೊಬ್ಬರ ಡೆಮೊ ಇದೆ. ಈ ಸಲ ನಮ್ಮದೇ ಹತ್ತು ಫೈಲು ಕೊಟ್ಟು, ಐದೈದು ಸಲ ತಿದ್ದಿಸಿ, ಮೂಲವೂ ಸೇರಿ ಅರವತ್ತೂ ವರ್ಷನ್ ಹೊರಗೆ ತೆಗೆದುಕೊಡಿ ಅನ್ನುತ್ತೇನೆ. ಪೆನ್‌ಡ್ರೈವ್ ನಂದೇ.