ಆ್ಯಂಟ್ ಡಿಸೈನ್‌ನ ‘ಸ್ಪೇಸ್’: ಬಟನ್‌ಗೆ ಸೈ, ಫಾರ್ಮ್‌ಗೆ ಹುಷಾರು

ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್‌ನಲ್ಲಿ ಅಡ್ಮಿನ್ ಪುಟ ಕಟ್ಟುವವರಿಗೆ ಆ್ಯಂಟ್ ಡಿಸೈನ್ ಎಂಬ ಸಿದ್ಧ ಕಾಂಪೊನೆಂಟ್‌ಗಳ (ಪುಟದ ಬಿಡಿಭಾಗಗಳ) ಸಂಗ್ರಹ ಹೊಸದಲ್ಲ. ಅದರ ಸ್ಪೇಸ್ ಕಾಂಪೊನೆಂಟ್‌ನ ಕೆಲಸ ಇಷ್ಟೇ: ಒಂದೇ ಸಾಲಿನ ಬಟನ್, ಟ್ಯಾಗ್, ಲಿಂಕ್‌ಗಳ ನಡುವೆ ಸಮ ಅಂತರ ಬಿಡುವುದು. ಸ್ಮಾಲ್ ಅಂದರೆ 8 ಪಿಕ್ಸೆಲ್, ಮಿಡ್ಲ್ 16, ಲಾರ್ಜ್ 24; ಏನೂ ಕೊಡದಿದ್ದರೆ 8. ಪ್ರತಿ ಬಟನ್‌ಗೂ ಮಾರ್ಜಿನ್ ಬರೆದು ಕೊನೆಯದಕ್ಕೆ ಮಾತ್ರ ತೆಗೆಯುವ ರಗಳೆ ತಪ್ಪುತ್ತದೆ. ಇಷ್ಟಕ್ಕೆ ಧಾರಾಳವಾಗಿ ಬಳಸಿ.

ಜಾಗ ಸಾಲದಿದ್ದರೆ ಮುಂದಿನ ಸಾಲಿಗೆ ಇಳಿಸುವ ವ್ರ್ಯಾಪ್ ಮಾತ್ರ ಮರೆಯಬೇಡಿ, ಅದು ತಾನಾಗಿ ಆನ್ ಆಗಿರುವುದಿಲ್ಲ. ‘ಉಳಿಸಿ’, ‘ಕರಡಾಗಿ ಉಳಿಸಿ’, ‘ಬದಲಾವಣೆಗಳನ್ನು ರದ್ದುಮಾಡಿ’ ಎಂಬ ಮೂರು ಬಟನ್ 360 ಪಿಕ್ಸೆಲ್ ಅಗಲದ ಮೊಬೈಲಿನಲ್ಲಿ ಪರದೆ ದಾಟಿ ಹೋಗುತ್ತವೆ, ಏಕೆಂದರೆ ಬಟನ್ ಒಳಗಿನ ಅಕ್ಷರಗಳೂ ಸಾಲು ಮುರಿಯುವುದಿಲ್ಲ. ವ್ರ್ಯಾಪ್ ಹಾಕಿ ಸೈಜ್‌ಗೆ 8, 12 ಎಂದು ಎರಡು ಸಂಖ್ಯೆ ಕೊಡಿ: ಮೊದಲನೆಯದು ಅಡ್ಡ ಅಂತರ, ಎರಡನೆಯದು ಸಾಲುಗಳ ನಡುವಿನದು. ಸ್ಪ್ಲಿಟ್ ಆಯ್ಕೆಯಿಂದ ಬಟನ್‌ಗಳ ನಡುವೆ ಗೆರೆ ಹಾಕಿದ್ದರೆ ವ್ರ್ಯಾಪ್ ಬೇಡ. ಸಾಲಿನ ತುದಿಯಲ್ಲಿ ಒಂಟಿ ಗೆರೆ ನೇತಾಡುತ್ತದೆ.

ನಿಜವಾದ ತಕರಾರು ಬೇರೆಯೇ ಇದೆ. ಸ್ಪೇಸ್ ತನ್ನೊಳಗಿನ ಪ್ರತಿಯೊಂದು ಮಗುವಿಗೂ (ಬಟನ್, ಇನ್‌ಪುಟ್ ಇತ್ಯಾದಿ) ಒಂದು ಡಿವ್, ಅಂದರೆ ಎಚ್‌ಟಿಎಂಎಲ್ ಪೆಟ್ಟಿಗೆ, ಸುತ್ತುತ್ತದೆ. ಹುಡುಕಾಟದ ಇನ್‌ಪುಟ್ ಉಳಿದ ಜಾಗವನ್ನೆಲ್ಲ ತುಂಬಲಿ ಎಂದು ಅದಕ್ಕೆ ಸಿಎಸ್‌ಎಸ್‌ನ ಫ್ಲೆಕ್ಸ್ 1 ಕೊಡುತ್ತೀರಿ, ಅದು ಕದಲುವುದೇ ಇಲ್ಲ. ಫ್ಲೆಕ್ಸ್ ಸಾಲಿನಲ್ಲಿ ಕೂತಿರುವುದು ಇನ್‌ಪುಟ್ ಅಲ್ಲ, ಅದರ ಸುತ್ತಲಿನ ಡಿವ್. ಸಾಲದ್ದಕ್ಕೆ ಸ್ಪೇಸ್ ಸ್ವತಃ ಇನ್‌ಲೈನ್-ಫ್ಲೆಕ್ಸ್, ಒಳಗಿನ ಸಾಮಾನಿನಷ್ಟೇ ಅಗಲ. ಸಿಎಸ್‌ಎಸ್‌ನಲ್ಲಿ ಆ ಡಿವ್‌ನ ಕ್ಲಾಸ್ ಹಿಡಿದು ಗುದ್ದಾಡುವವರಿದ್ದಾರೆ, ಅದು ದಂಡ. ಆ್ಯಂಟ್ ಡಿಸೈನ್ 5.10 ಆವೃತ್ತಿಯಲ್ಲಿ ಬಂದ ಫ್ಲೆಕ್ಸ್ ಕಾಂಪೊನೆಂಟ್ ಹಾಗೆ ಸುತ್ತುವುದಿಲ್ಲ, ಅದರ ಗ್ಯಾಪ್‌ಗೆ (ಅಂತರಕ್ಕೆ) ಅದೇ 8-16-24 ಅಳತೆಯೂ ಇದೆ. ಹಿಗ್ಗಬೇಕಾದದ್ದು ಒಂದಿದ್ದರೂ ಅದನ್ನೇ ಬಳಸಿ. ಉದ್ದ ಹೆಸರು ಚುಕ್ಕಿಗಳಲ್ಲಿ ಮುಗಿಯಬೇಕಿದ್ದರೆ ಆ ಮಗುವಿಗೆ ಮಿನ್-ವಿಡ್ತ್ 0 ಕೂಡ ಬೇಕು.

ಫಾರ್ಮ್ ಸಾಲುಗಳಲ್ಲಿ ಇನ್ನೊಂದು ಕಾಟ. ಅಡ್ಡ ಸ್ಪೇಸ್ ಎಲ್ಲವನ್ನೂ ನಡುಮಟ್ಟಕ್ಕೆ ಜೋಡಿಸುತ್ತದೆ. ಇನ್‌ಪುಟ್ ಕೆಳಗೆ ಕೆಂಪು ಅಕ್ಷರದ ದೋಷಸಂದೇಶ ಬಂದ ಕೂಡಲೇ ಪಕ್ಕದ ಡಿಲೀಟ್ ಐಕಾನ್ ಕೆಳಗೆ ಜಾರುತ್ತದೆ. ಅಲೈನ್‌ಗೆ ಬೇಸ್‌ಲೈನ್ (ಅಕ್ಷರಗಳ ತಳಗೆರೆಗೆ ಜೋಡಣೆ) ಕೊಟ್ಟರೆ ಅಲುಗಾಡದು. ಫಾರ್ಮ್ ಐಟಂನ ಕೆಳಗಿನ 24 ಪಿಕ್ಸೆಲ್ ಮಾರ್ಜಿನ್ ಸಾಲುಗಳನ್ನು ದೂರ ತಳ್ಳುತ್ತಿದ್ದರೆ ಸೊನ್ನೆ ಮಾಡಿ.

ಇನ್‌ಪುಟ್‌ಗೆ ಬಟನ್ ಅಂಟಿಕೊಂಡೇ ಇರಬೇಕಿದ್ದರೆ ಸೈಜ್ 0 ಕೊಡಬೇಡಿ, ನಡುವೆ ಎರಡೆರಡು ಬಾರ್ಡರ್ ಕಾಣುತ್ತದೆ. ಅದಕ್ಕೆಂದೇ 4.24 ಆವೃತ್ತಿಯಿಂದ ಸ್ಪೇಸ್.ಕಾಂಪ್ಯಾಕ್ಟ್ ಎಂಬ ಕಾಂಪೊನೆಂಟ್ ಇದೆ, ಬಾರ್ಡರ್ ಒಂದಾಗುತ್ತದೆ, ಒಳಮೂಲೆಗಳ ದುಂಡೂ ಹೋಗುತ್ತದೆ.