ಫೀಡರ್ ಆ್ಯಪ್: ಎರಡು ವರ್ಷ ಬಳಸಿದ ಮೇಲೆ

ಆಂಡ್ರಾಯ್ಡ್‌ನ ಫೀಡರ್‌ಗೆ ದುಡ್ಡಿಲ್ಲ, ಜಾಹೀರಾತಿಲ್ಲ, ಲಾಗಿನ್ನೂ ಬೇಡ. ತಾಣಗಳು ತಮ್ಮ ಹೊಸ ಬರಹಗಳ ಪಟ್ಟಿಯನ್ನು ಇಂಥ ಆ್ಯಪ್‌ಗಳಿಗೆಂದೇ ಫೀಡ್ ರೂಪದಲ್ಲಿ ಕೊಡುತ್ತವೆ; ಆರ್‌ಎಸ್‌ಎಸ್, ಆಟಮ್ ಅದರ ಎರಡು ಬಗೆ. ಆ ಫೀಡ್‌ನ ವಿಳಾಸ ಕೊಟ್ಟರೆ ಹೊಸ ಬರಹಗಳನ್ನು ತಂದು ಸಾಲಾಗಿ ಇಡುತ್ತದೆ. ಊರಿನ ಸುದ್ದಿ ಬೇರೆ, ಮುಂಬಯಿ ಸುದ್ದಿ ಬೇರೆ ಇರಲಿ ಎನ್ನುವವರು ಸೇರಿಸುವಾಗಲೇ ಟ್ಯಾಗ್ ಹಾಕಿಬಿಡಿ. ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ಸುದ್ದಿ ತಪ್ಪಬಾರದು ಎಂದಿದ್ದರೆ ಆ ಒಂದು ಫೀಡ್‌ಗೆ ಮಾತ್ರ ನೋಟಿಫಿಕೇಶನ್ ಸಾಕು. ಎಲ್ಲದಕ್ಕೂ ಕೊಟ್ಟರೆ ಫೋನು ದಿನವಿಡೀ ಬಡಬಡಿಸುತ್ತದೆ.

ತಾಣದಲ್ಲಿ ಫೀಡ್ ಗುರುತು ಕಾಣದಿದ್ದರೆ, ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಕಟ್ಟಿದ ತಾಣವಾದರೆ ವಿಳಾಸದ ಕೊನೆಗೆ ಸ್ಲ್ಯಾಶ್ ಹಾಕಿ ‘ಫೀಡ್’ ಎಂದು ಇಂಗ್ಲಿಷಿನಲ್ಲಿ ಬರೆದು ನೋಡಿ. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಉಂಟು, ಕೊನೆಯ 15 ವೀಡಿಯೊ ಮಾತ್ರ.

ತಕರಾರು ಹುಟ್ಟುವುದು ಆ ‘ಮಾತ್ರ’ದಲ್ಲೇ. ವರ್ಡ್‌ಪ್ರೆಸ್ ಫೀಡ್‌ನಲ್ಲಿ ಸಾಮಾನ್ಯವಾಗಿ 10 ಬರಹ ಇರುತ್ತವೆ. ದಿನಕ್ಕೆ ನೂರು ಸುದ್ದಿ ಹಾಕುವ ತಾಣದಲ್ಲಿ ಅದು ಸುಮಾರು ಎರಡೂವರೆ ತಾಸಿನ ಸರಕು. ಸಿಂಕ್ (ಹೊಸ ಬರಹ ತರುವ ಕೆಲಸ) 6 ತಾಸಿಗೊಮ್ಮೆ ಇಟ್ಟರೆ, ಆ್ಯಪ್ ಹೋಗಿ ನೋಡುವಷ್ಟರಲ್ಲಿ ನಡುವಿನ ಸುದ್ದಿಗಳು ಫೀಡ್‌ನಿಂದಲೇ ಜಾರಿಹೋಗಿರುತ್ತವೆ. ಬೈಗುಳ ಮಾತ್ರ ಆ್ಯಪ್‌ಗೆ! ಒಂದು ತಾಸಿಗೊಮ್ಮೆ ಸರಿ. 15 ನಿಮಿಷಕ್ಕೆ ಇಳಿಸಬೇಡಿ, ಪದೇಪದೇ ಕೇಳಿದರೆ ಕೆಲವು ಸರ್ವರ್‌ಗಳು 429 (ಕೋರಿಕೆ ಅತಿಯಾಯಿತು) ಎಂದು ಬಾಗಿಲು ಹಾಕುತ್ತವೆ. ಸಮಯ ಸರಿ ಇಟ್ಟರೂ ಹೊಸದು ಬಾರದಿದ್ದರೆ ಫೋನಿನ ಬ್ಯಾಟರಿ ಸೆಟ್ಟಿಂಗ್ ನೋಡಿ. ಹಿನ್ನೆಲೆಯಲ್ಲಿ ಓಡಲು ಫೀಡರ್‌ಗೆ ಅನುಮತಿ ಬೇಕು.

ಬಹಳಷ್ಟು ತಾಣಗಳು ಫೀಡ್‌ನಲ್ಲಿ ಎರಡು ಸಾಲು ಕೊಟ್ಟು ಕೈತೊಳೆದುಕೊಳ್ಳುತ್ತವೆ. ಅಂಥವಕ್ಕೆ ಪೂರ್ಣ ಲೇಖನ ತರುವ ಆಯ್ಕೆ ಆನ್ ಮಾಡಿ. ಮನೆಯ ವೈಫೈನಲ್ಲಿ ಸಿಂಕ್ ಆಗಿದ್ದರೆ ಮುಂಬಯಿ ಮೆಟ್ರೊ-3ರ ಸುರಂಗದಲ್ಲಿ ನೆಟ್‌ವರ್ಕ್ ಕೈಕೊಟ್ಟರೂ ಓದು ನಿಲ್ಲದು. ಚಿತ್ರಗಳ ಭರವಸೆ ಬೇಡ. ಚಂದಾದಾರರಿಗಷ್ಟೇ ತೆರೆಯುವ ಲೇಖನ ಇಲ್ಲೂ ತೆರೆಯುವುದಿಲ್ಲ.

ಶೀರ್ಷಿಕೆಯ ಪದ ನೋಡಿ ಸುದ್ದಿ ಮರೆಮಾಡುವ ಬ್ಲಾಕ್‌ಲಿಸ್ಟ್ ನಿಜಕ್ಕೂ ಉಪಕಾರಿ, ಆದರೆ ಪದ ಆರಿಸುವಾಗ ಜೋಕೆ. ಜ್ಯೋತಿಷ್ಯ ಬೇಡವೆಂದು ‘ಭವಿಷ್ಯ’ ಹಾಕಿದರೆ ‘ಭವಿಷ್ಯ ನಿಧಿ’ಯ ಬಡ್ಡಿ ಸುದ್ದಿಯೂ ಮಾಯ! ‘ರಾಶಿ’ ಮತ್ತು ‘ಭವಿಷ್ಯ’ದ ನಡುವೆ ನಕ್ಷತ್ರ ಚಿಹ್ನೆ (*) ಇಡಿ, ಪದ ಕೂಡಿಸಿ ಬರೆದಿದ್ದರೂ ಬಿಡಿಸಿ ಬರೆದಿದ್ದರೂ ಸಿಕ್ಕಿಬೀಳುತ್ತದೆ.

ದೊಡ್ಡ ಕೊರತೆ ಎಂದರೆ ಕಂಪ್ಯೂಟರಿನಲ್ಲಿ ಓದಲು ಬರುವುದಿಲ್ಲ. ಫೋನ್ ಬದಲಿಸುವ ಮುನ್ನ ಫೀಡ್ ಪಟ್ಟಿಯ ಒಪಿಎಂಎಲ್ ಕಡತ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. 2013ರ ಜುಲೈ 1ರಂದು ಫೀಡ್ ಓದುವ ಸೇವೆಯಾಗಿದ್ದ ಗೂಗಲ್ ರೀಡರ್ ಮುಚ್ಚಿದಾಗ ಜನ ತಮ್ಮ ಫೀಡ್ ಪಟ್ಟಿ ಉಳಿಸಿಕೊಂಡದ್ದೂ ಇಂಥದೇ ಕಡತದಿಂದ.