ಇಲಿ ಹೊಟ್ಟೆ ಒಳಗಿನ ಬೆಳಕು ಹುಡುಕೋ ಮಷೀನು: ಮೂರು ವರ್ಷ ಬಳಸಿದ್ಮೇಲೆ

ಇಲಿಯೊಳಗಿನ ಗಡ್ಡೆ ಹೊಳೆಯೋ ಹಂಗೆ ಮಾಡಿ, ಕೊಯ್ಯದೇ ಹೊರಗಿಂದ ಅದರ ಫೋಟೋ ತೆಗೆಯೋ ಮಷೀನಿದು. ಫೀಚರೆಲ್ಲ ಬ್ರೋಶರಲ್ಲೇ ಐತೆ, ಮತ್ತೆ ಬರೆಯಲ್ಲ. ದಾವಣಗೆರೆಲಿ ನಮ್ಮ ಕಾಲೇಜಿನ ಲ್ಯಾಬಲ್ಲಿ ಮೂರು ವರ್ಷದಿಂದ ವಾರಕ್ಕೆರಡು ದಿನ ಇದರ ಮುಂದೆ ಕೂತಿದೀನಿ.

ಬೆಳಿಗ್ಗೆ ಬಂದೋನು ಮೊದ್ಲು ಕ್ಯಾಮೆರಾ ಆನ್ ಮಾಡ್ಬೇಕು, ಅದು ಮೈನಸ್ 90 ಡಿಗ್ರಿಗೆ ಇಳಿಯೋ ಹೊತ್ತಿಗೆ ನಮ್ದು ಮಂಡಕ್ಕಿ ಮಿರ್ಚಿ ಮುಗ್ದಿರುತ್ತೆ. ಕಪ್ಪಿಲಿ ಆದ್ರೆ ಹಿಂದಿನ ದಿನಾನೇ ಟ್ರಿಮ್ಮರಲ್ಲಿ ಹೊಟ್ಟೆ ಬೋಳಿಸಿರ್ಬೇಕು, ಕಪ್ಪು ಕೂದ್ಲು ಬೆಳಕು ನುಂಗುತ್ತೆ. ಆಮೇಲೆ ಗಡ್ಡೆ ಕೋಶ ಹೊಳೆಯೋಕೆ ಬೇಕಾದ ಲೂಸಿಫೆರಿನ್ ಅನ್ನೋ ಮದ್ದು, ಇಲಿ ತೂಕದ ಕೆಜಿಗೆ 150 ಮಿಲಿಗ್ರಾಂ ಲೆಕ್ಕ, ಅಂದ್ರೆ 20 ಗ್ರಾಂ ಇಲಿಗೆ 3 ಮಿಲಿಗ್ರಾಂ, ಒಂದು ಹನಿ ಚೆಲ್ಲಿದ್ರೂ ಎದೆ ಚುರ್ ಅನ್ನುತ್ತೆ ಅಷ್ಟು ರೇಟು. ಹೊಟ್ಟೆಗೆ ಚುಚ್ಚಿ, ಐಸೋಫ್ಲುರೇನ್ ಅನ್ನೋ ಅರಿವಳಿಕೆ ಗ್ಯಾಸಲ್ಲಿ ಮಲಗಿಸಿ, ಬಾಗ್ಲು ಹಾಕಿ ಹತ್ತು ಹದಿನೈದು ನಿಮಿಷ ಕಾಯೋದು. ಗಡ್ಡೆ ಕೋಶಕ್ಕೆ ಸೇರಿಸಿರೋ ಮಿಂಚುಹುಳದ ಜೀನು ಕೆಲಸ ಶುರು ಮಾಡಿ ಪರದೆ ಮೇಲೆ ಚುಕ್ಕೆ ಮೂಡುತ್ತಲ್ಲ, ಬಣ್ಣ ಸಾಫ್ಟ್‌ವೇರ್ ಬಳಿದಿದ್ದು ಅಂತ ಗೊತ್ತಿದ್ರೂ ಇವತ್ತಿಗೂ ಪಕ್ಕದ ರೂಮಿನೋರ್ನ ಕರೆದು ತೋರಿಸ್ತೀನಿ.

ಆದ್ರೆ ಆ ಬೆಳಕು ಎಲ್ಲಿಂದ ಬರ್ತೈತೆ ಅಂತ ಕೇಳ್ರಿ, ಅಲ್ಲೇ ಸಿಟ್ಟು ಬರೋದು. ಕತ್ತಲಲ್ಲಿ ಅಂಗೈ ಹಿಂದೆ ಟಾರ್ಚ್ ಹಿಡಿದ್ರೆ ಕೈಯೆಲ್ಲ ಕೆಂಪಾಗುತ್ತೆ, ಮೂಳೆನೂ ಕಾಣಲ್ಲ, ಇದೂ ಹಂಗೇ. ಹಸಿರು ಬೆಳಕನ್ನ ರಕ್ತ ಕುಡಿಯುತ್ತೆ, ಕೆಂಪು ಚೆದುರಿ ಚೆದುರಿ ಹೊರಗೆ ಬರುತ್ತೆ, ಆಳಕ್ಕೆ ಹೋದಷ್ಟೂ ಚುಕ್ಕೆ ಹರಡಿ ಮಂಕಾಗುತ್ತೆ. ಬೇರೆ ಬೇರೆ ಫಿಲ್ಟರಲ್ಲಿ ಫೋಟೋ ತೆಗೆದು ಯಾವ ಬಣ್ಣ ಎಷ್ಟು ಉಳೀತು ಅಂತ ನೋಡಿ ಆಳ ಲೆಕ್ಕ ಹಾಕ್ತಾರೆ, ಸರಿ, ಆದ್ರೆ ಹೊರಗಿನ ಒಂದೇ ಚಿತ್ರಕ್ಕೆ ಒಳಗೆ ಹತ್ತು ಉತ್ತರ ಹೊಂದ್ತಾವೆ. ಸಾಫ್ಟ್‌ವೇರ್ ಮಾತ್ರ ಒಂದೇ ಚುಕ್ಕೆ ಇಟ್ಟು ಮಿಲಿಮೀಟರ್ ಹೇಳುತ್ತೆ, ಒಂಚೂರು ಅನುಮಾನನೂ ತೋರಿಸಲ್ಲ.

ಹೋದ ವರ್ಷ ಎಡಗಡೆ ಚುಕ್ಕೆ ನೋಡಿ ಕಿಡ್ನಿ ಅಂತ ರಿಪೋರ್ಟಲ್ಲಿ ಬರೆದ್ವಿ. ಕೊನೆಗೆ ಇಲಿ ಕೊಯ್ದು ಅಂಗ ಒಂದೊಂದೇ ತಟ್ಟೆಲಿಟ್ಟು ತಕ್ಷಣ ಫೋಟೋ ತೆಗೆದ್ರೆ ಕಿಡ್ನಿ ಕತ್ತಲು, ಗುಲ್ಮ (ಸ್ಪ್ಲೀನು) ಝಗ್ ಅಂತಿತ್ತು. ಕಂಪನಿಯೋರಿಗೆ ಫೋನ್ ಮಾಡಿದ್ರೆ ಟ್ರೈನಿಂಗ್ ತಗೊಳ್ಳಿ ಸರ್ ಅಂದ್ರು.

ಈಗ ಸಿಟ್ಟು ಇಳಿದೈತೆ. ಅದೇ ಇಲಿನ ವಾರವಾರ ಕೊಯ್ಯದೇ ನೋಡೋ ಸುಖ ಬೇರೆ ಎಲ್ಲೂ ಇಲ್ಲ, ಮೊದಲಿಗಿಂತ ಎಷ್ಟೋ ಕಮ್ಮಿ ಇಲಿ ಸಾಕಾಗ್ತಾವೆ. ಗಡ್ಡೆ ಬೆಳೀತಾ ಕುಗ್ತಾ ಅಂತ ಕೇಳೋರಿಗೆ ಐದಕ್ಕೆ ನಾಲ್ಕು, ಎಲ್ಲಿ ಅಂತ ಕೇಳೋರಿಗೆ ಎರಡು. ನಾನೀಗ ಬೆನ್ನಿಂದೊಂದು ಹೊಟ್ಟೆಯಿಂದೊಂದು ಫೋಟೋ ತೆಗೆದು ಯಾವ ಕಡೆ ಜೋರು ಅಂತ ನೋಡ್ತೀನಿ, ಆಳ ಲೆಕ್ಕ ಹಾಕೋ ಆ ತ್ರೀಡಿ ಬಟನ್ ಒತ್ತೋದು ಸಾಹೇಬ್ರು ಬಂದಾಗ ಮಾತ್ರ.